'ಡಿ' ದೀಪ ಮಿಣುಕಿದರೆ ಗೇರ್ ಬಾಕ್ಸ್ ಇಳಿಸುವ ಮುಂಚೆ

ಹಳೇ ಆಟೋಮ್ಯಾಟಿಕ್ ಕಾರಿನ ಮೀಟರ್ ಬೋರ್ಡಿನಲ್ಲಿ 'ಡಿ' (ಡ್ರೈವ್ ಗೇರ್) ದೀಪ ಮಿಣುಕೋಕೆ ಶುರುವಾದರೆ ಸುತ್ತಮುತ್ತಲಿನವರು ಹೇಳೋ ಮಾತು ಒಂದೇ. ಗೇರ್ ಬಾಕ್ಸ್ ಹೋಯ್ತು, ಇಳಿಸಬೇಕು. ನನಗೂ ಹಾಗೇ ಹೇಳಿದರು. ಎಪ್ಪತ್ತೈದು ಸಾವಿರಕ್ಕೆ ಎಸ್ಟಿಮೇಟ್ ಕೂಡ ಕೈಗೆ ಬಂತು. ಕೊನೆಗೆ ಗಾಡಿ ಸರಿಹೋಗಿದ್ದು ಒಂದು ಅರ್ತಿಂಗ್ (ನೆಗೆಟಿವ್) ವೈರ್ ಮತ್ತು ಇಲಿ ಕಡಿದ ಇನ್ನೊಂದು ಸಣ್ಣ ವೈರ್ ಸರಿಮಾಡಿದ್ದರಿಂದ. ಇದನ್ನ ಮೊದಲೇ ಹೇಳಿಬಿಟ್ಟೆ, ಸಸ್ಪೆನ್ಸ್ ಇಟ್ಟುಕೊಂಡು ಏನೂ ಪ್ರಯೋಜನ ಇಲ್ಲ. ಅಲ್ಲಿಗೆ ಹೇಗೆ ತಲುಪಿದೆವು ಅನ್ನೋದನ್ನ ಬರೆಯೋಣ ಅಂತ ಕೂತಿದ್ದೇನೆ.

ಗಾಡಿ 2000ನೇ ಇಸವಿಯ ಪೆಟ್ರೋಲ್ ಸೆಡಾನ್. ಜಪಾನಿ ಕಂಪನಿಯದು, ನಾಲ್ಕು ಗೇರಿನ ಆಟೋಮ್ಯಾಟಿಕ್. ನಮ್ಮ ಮಾವನ ಕಾರು, ಅವರು ಹಾಸನದಲ್ಲಿ ಇಟ್ಟುಕೊಂಡಿದ್ದರು, ಕಣ್ಣು ಮಂಜಾದ ಮೇಲೆ ನನಗೆ ಕೊಟ್ಟರು. "ಇದನ್ನ ಮಾರಿದರೆ ಏನ್ ಬರುತ್ತೆ, ಗುಜರಿಯವನೂ ಮೂಸಲ್ಲ" ಅಂತ ಮನೆಯಲ್ಲಿ ಬೈಯುತ್ತಲೇ ಇರುತ್ತಾರೆ. ಆದರೆ ಇಂಜಿನ್ ಇವತ್ತಿಗೂ ಗಡಿಯಾರದ ಥರ ಓಡುತ್ತದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದಲ್ಲ, ಆಮೇಲೆ ಆರ್‌ಟಿಓಗೆ ಹೋಗಿ ತೋರಿಸಿ, ಹಸಿರು ತೆರಿಗೆ ಕಟ್ಟಿ 5 ವರ್ಷಕ್ಕೊಮ್ಮೆ ಮುಂದುವರಿಸಿಕೊಳ್ಳಬೇಕು. ಅದನ್ನೆಲ್ಲ ಮಾಡಿಸಿಕೊಂಡೇ ಓಡಿಸುತ್ತಿದ್ದೇನೆ.

ತೊಂದರೆ ಶುರುವಾಗಿದ್ದು ಮಳೆಗಾಲದಲ್ಲಿ. ಮೈಸೂರು ರಸ್ತೆಯಲ್ಲಿ ಸಂಜೆ ಹೊತ್ತು, ನಾಯಂಡಹಳ್ಳಿ ಹತ್ತಿರ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಇದ್ದಾಗ ಹಸಿರು 'ಡಿ' ಮಿಣುಕತೊಡಗಿತು. ಆಮೇಲೆ ಸಿಗ್ನಲ್ ಬಿಟ್ಟರೆ ಗಾಡಿ ಏಳೋದೇ ಇಲ್ಲ. ಆಕ್ಸಿಲರೇಟರ್ ತುಳಿದರೆ ಹೂಂ ಅನ್ನುತ್ತದೆ, ನಿಧಾನಕ್ಕೆ ಹೊರಡುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಗೇರ್ ಬದಲಾಗುವ ಸಣ್ಣ ಜರ್ಕೂ ಇಲ್ಲ. ಮೂರನೇ ಗೇರಿನಲ್ಲೇ ಹಿಡಿದುಕೊಂಡಿತ್ತು. ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಚೆನ್ನಾಗಿ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ.

ಮೂರನೇ ಗೇರಿನಲ್ಲಿ ನಿಲ್ಲೋದು ಗೇರ್ ಬಾಕ್ಸ್ ಸತ್ತಿದ್ದಕ್ಕಲ್ಲ. ಗೇರ್ ಬಾಕ್ಸಿನ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್ಟಿಗೆ, ಸೆನ್ಸರಿನಿಂದ ಬರೋ ಸಿಗ್ನಲ್ ಮೇಲೋ, ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚೋ ವಾಲ್ವ್) ಮೇಲೋ ನಂಬಿಕೆ ಹೋದರೆ, ಅದು ಸೊಲೆನಾಯ್ಡುಗಳಿಗೆ ಕರೆಂಟ್ ಕೊಡೋದನ್ನೇ ನಿಲ್ಲಿಸಿ ಒಂದು ಮಧ್ಯದ ಗೇರಿನಲ್ಲಿ ಹಿಡಿದಿಡುತ್ತದೆ. ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಿ ಸೇರಲಿ ಅಂತ. ಲಿಂಪ್ ಮೋಡ್ ಅನ್ನುತ್ತಾರೆ. ಕೀ ಆಫ್ ಆನ್ ಮಾಡಿದರೆ ಸರಿಹೋಗುತ್ತೆ ಅಂದರೆ ಒಳಗೆ ಕ್ಲಚ್ ಪ್ಲೇಟ್ ಸುಟ್ಟಿದೆ ಅನ್ನೋ ಸಾಧ್ಯತೆ ಕಡಿಮೆ. ಸುಟ್ಟ ಪ್ಲೇಟು ಕೀ ತಿರುಗಿಸಿದ ಮಾತ್ರಕ್ಕೆ ವಾಸಿಯಾಗೋದಿಲ್ಲ ಅಲ್ವಾ.

ಗೇರ್ ಬಾಕ್ಸ್ ಕೆಲಸಕ್ಕೇ ಮೀಸಲಾದ ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಐದು ನಿಮಿಷ ಓಡಿಸಿದರು, ಅಷ್ಟರಲ್ಲಿ ದೀಪ ಮಿಣುಕಲೇ ಇಲ್ಲ. ಆದರೂ "ಮಳೆ ನೀರು ಒಳಗೆ ಹೋಗಿರುತ್ತೆ ಸಾರ್, ವಾಲ್ವ್ ಬಾಡಿ ಔಟ್, ಓವರಾಲ್ ಮಾಡಲೇಬೇಕು" ಅಂದರು. ಮೀಟರ್ ಹಿಡಿಯಲಿಲ್ಲ, ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ನಂಬರ್, ಅಂದರೆ ಕೋಡ್ ನೋಡಲಿಲ್ಲ, ಡಿಪ್ ಸ್ಟಿಕ್ ಕೂಡ ಎಳೆಯಲಿಲ್ಲ. ಎಸ್ಟಿಮೇಟ್ ಮಾತ್ರ ನೀಟಾಗಿ ಪ್ರಿಂಟ್ ಮಾಡಿ ಕೊಟ್ಟರು.

ಡಿಪ್ ಸ್ಟಿಕ್ ನಾನೇ ಎಳೆದೆ. ಈ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, ಒಂದು ನಿಮಿಷದ ಆಸುಪಾಸಿನಲ್ಲಿ ಗೇರ್ ಬಾಕ್ಸ್ ಆಯಿಲ್ ನೋಡಬೇಕು. ಬೇರೆ ಬಹಳಷ್ಟು ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು, ಹಾಗಾಗಿ ಮ್ಯಾನ್ಯುಯಲ್ ನೋಡಿಕೊಂಡು ಮಾಡಿ, ಇಲ್ಲದಿದ್ದರೆ ಲೆವೆಲ್ ತಪ್ಪು ಕಾಣುತ್ತದೆ. ನನ್ನದರಲ್ಲಿ ಲೆವೆಲ್ ಸರಿ ಇತ್ತು. ಬಣ್ಣ ಕೆಂಪು ಸ್ವಲ್ಪ ಮಾಸಿತ್ತು, ಆದರೆ ಕಪ್ಪಾಗಿರಲಿಲ್ಲ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ಬೆರಳಿನಲ್ಲಿ ಉಜ್ಜಿ ನೋಡಿದೆ, ಚೂರು ಪುಡಿ ಏನೂ ಸಿಗಲಿಲ್ಲ. ಸುಟ್ಟ ವಾಸನೆಯೂ ಇಲ್ಲ. ನೀರು ಸೇರಿದ್ದರೆ ಸ್ಟ್ರಾಬೆರಿ ಮಿಲ್ಕ್ ಶೇಕ್ ಬಣ್ಣಕ್ಕೆ ತಿರುಗಿರುತ್ತದೆ, ಅದೂ ಇಲ್ಲ. ಅಷ್ಟು ನೋಡಿದ ಮೇಲೆ ಎಪ್ಪತ್ತೈದು ಸಾವಿರದ ಕಾಗದ ಮಡಚಿ ಗ್ಲೋವ್ ಬಾಕ್ಸಿಗೆ ಹಾಕಿದೆ.

ಮುಂದಿನದು ಸ್ಕ್ಯಾನಿಂಗ್. ಆನ್‌ಲೈನಿನಲ್ಲಿ ಸಿಗುತ್ತದಲ್ಲ ಬ್ಲೂಟೂತ್ ಡಾಂಗಲ್, ಅದನ್ನ ತಮ್ಮನ ಹತ್ತಿರ ಇಸಿದುಕೊಂಡು ಹಾಕಿದೆ. ಫೋನಿನಲ್ಲಿ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇತ್ತು, ಸೇರಲೇ ಇಲ್ಲ. ಇಂಥ ಡಾಂಗಲ್ ಓದೋದು ಓಬಿಡಿ-2 ಅನ್ನೋ ಎಲ್ಲ ಕಂಪನಿಗೂ ಒಂದೇ ಆದ ಪದ್ಧತಿಯನ್ನ. ಅಮೆರಿಕದಲ್ಲಿ ಅದು ಕಡ್ಡಾಯವಾಗಿದ್ದು 1996ರಲ್ಲಿ. ನಮ್ಮಲ್ಲಿ 2013ರಲ್ಲಿ. ಅದಕ್ಕಿಂತ ಮುಂಚಿನ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಒಳಗಿನ ಭಾಷೆ ಬೇರೆ ಇರಬಹುದು. ನಿಮ್ಮದು ಸ್ವಲ್ಪ ಹೊಸ ಗಾಡಿಯಾಗಿದ್ದು ಡಾಂಗಲ್ ಸೇರಿತು, 'ಪಿ0700' ಅಂತ ತೋರಿಸಿತು ಅಂದುಕೊಳ್ಳಿ. ಅದನ್ನ ನೋಡಿ ಗಾಬರಿ ಆಗಬೇಡಿ. ಗೇರ್ ಬಾಕ್ಸಿನ ಕಂಟ್ರೋಲ್ ಯೂನಿಟ್ ಏನೋ ಕೋಡ್ ಬರೆದುಕೊಂಡಿದೆ, ಹೋಗಿ ಅದನ್ನೇ ಕೇಳಿ ಅಂತ ಇಂಜಿನ್ ಕಂಪ್ಯೂಟರ್ ಹೇಳುತ್ತಿದೆ, ಅಷ್ಟೇ. ನಿಜವಾದ ಕೋಡ್ ಗೇರ್ ಬಾಕ್ಸಿನ ಯೂನಿಟ್ಟಿನಲ್ಲಿ ಇರುತ್ತದೆ. ಅಗ್ಗದ ಡಾಂಗಲ್‌ಗಳು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗೋದೇ ಇಲ್ಲ. ಪಿ0700 ಒಂದನ್ನೇ ತೋರಿಸಿ ಗೇರ್ ಬಾಕ್ಸ್ ಇಳಿಸೋಣ ಅಂದರೆ ಒಪ್ಪಬೇಡಿ.

ಕಾಮಾಕ್ಷಿಪಾಳ್ಯದ ಕಡೆ ಒಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಅವರನ್ನ ಭಾಯ್ ಅಂತಲೇ ಕರೆಯೋದು. ಅಂಗಡಿ ಅಂದರೆ ಒಂದು ಶಟರ್, ಒಳಗೆ ಹಳೇ ಸೆಲ್ಫ್ ಮೋಟರ್, ಆಲ್ಟರ್ನೇಟರ್‌ಗಳ ರಾಶಿ. ಹೇಳಿದ್ದನ್ನೆಲ್ಲ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ದೀಪ ಬಂದಾಗ ಏನೇನು ಆನ್ ಇತ್ತು ಸಾರ್?"

ಯೋಚನೆ ಮಾಡಿದೆ. ಮಳೆ, ಹಾಗಾಗಿ ವೈಪರ್. ಸಂಜೆ, ಹಾಗಾಗಿ ಹೆಡ್ ಲೈಟ್. ಗ್ಲಾಸ್ ಮಂಜು ಕಟ್ಟುತ್ತೆ ಅಂತ ಎಸಿ, ಹಿಂದಿನ ಗ್ಲಾಸಿನ ಡಿಫಾಗರ್. ಟ್ರಾಫಿಕ್ಕು, ಹಾಗಾಗಿ ರೇಡಿಯೇಟರ್ ಫ್ಯಾನ್ ಓಡುತ್ತಾ ಇರುತ್ತೆ, ಬ್ರೇಕ್ ಲೈಟೂ ಉರಿಯುತ್ತಾ ಇರುತ್ತೆ. ಎಲ್ಲವೂ ಆನ್. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಒಂದು ಸಲವೂ ಬಂದಿರಲಿಲ್ಲ, ಮಳೆ ಬಂದರೂ ಸರಿ. ಅದು ಹೊಳೆದದ್ದು ಅವರು ಕೇಳಿದ ಮೇಲೆ. ಅಂದರೆ ಮಳೆಗೂ ಇದಕ್ಕೂ ಸಂಬಂಧ ಇದೆ, ಆದರೆ ನೀರಿನಿಂದಲ್ಲ, ಕರೆಂಟಿನ ಖರ್ಚಿನಿಂದ. "ಗೇರ್ ಬಾಕ್ಸಿಗೇನು ಗೊತ್ತು ನೀವು ವೈಪರ್ ಹಾಕಿದೀರಾ ಇಲ್ವಾ ಅಂತ" ಅಂದರು ಭಾಯ್.

ಕೋಡ್ ಓದಿದ್ದು ಹಳೇ ಕಾಲದ ರೀತಿಯಲ್ಲಿ. ಪ್ಯಾಸೆಂಜರ್ ಕಡೆ ಡ್ಯಾಶ್ ಕೆಳಗೆ ಎರಡು ಪಿನ್ನಿನ ಒಂದು ನೀಲಿ ಕಪ್ಲರ್ ಇದೆ, ಯಾವುದಕ್ಕೂ ಸೇರಿಸದೆ ಸುಮ್ನೆ ನೇತಾಡುತ್ತಿರುತ್ತೆ. ಅದರ ಎರಡು ಪಿನ್ನಿಗೂ ಒಂದು ತುಂಡು ವೈರ್ ಸಿಕ್ಕಿಸಿ ಕೀ ಆನ್ ಮಾಡಿದರೆ 'ಡಿ' ದೀಪ ಲೆಕ್ಕ ಹೇಳುತ್ತದೆ. ಉದ್ದ ಮಿಣುಕು ಹತ್ತರ ಲೆಕ್ಕ, ಗಿಡ್ಡ ಮಿಣುಕು ಬಿಡಿ ಲೆಕ್ಕ. ಮೊದಲು ಏಳು ಸಲ ಚಕಚಕ ಮಿಣುಕಿತು. ನಿಂತಿತು. ಒಂಬತ್ತು ಸಲ. ನಿಂತಿತು. ಆಮೇಲೆ ಒಂದು ಉದ್ದ, ಆರು ಗಿಡ್ಡ. ಮತ್ತೆ ಏಳರಿಂದ ಶುರು. ಭಾಯ್ ಸಿಗರೇಟ್ ಪ್ಯಾಕಿನ ಹಿಂದೆ 7, 9, 16 ಅಂತ ಬರೆದುಕೊಂಡರು. ಇಲ್ಲಿ ಒಂದು ಎಚ್ಚರಿಕೆ. ಇದು ನನ್ನ ಗಾಡಿಯ ಕಥೆ. ಬೇರೆ ಗಾಡಿಯಲ್ಲಿ ಕಪ್ಲರ್ ಬೇರೆ, ಪಿನ್ ಬೇರೆ, ನಂಬರಿನ ಅರ್ಥವೂ ಬೇರೆ. ಗೊತ್ತಿಲ್ಲದೆ ಯಾವುದೋ ಎರಡು ಪಿನ್ ಶಾರ್ಟ್ ಮಾಡಿದರೆ ಇಸಿಯು (ಗಾಡಿಯ ಕಂಪ್ಯೂಟರ್) ಸುಟ್ಟು ಹೋಗಬಹುದು.

ನನ್ನದರಲ್ಲಿ 7 ಅಂದರೆ ಗೇರ್ ಬದಲಿಸೋ ಸೊಲೆನಾಯ್ಡ್ ಎ. 9 ಅಂದರೆ ಔಟ್‌ಪುಟ್ ಶಾಫ್ಟಿನ ಸ್ಪೀಡ್ ಸೆನ್ಸರ್. 16 ಅಂದರೆ ಆಯಿಲ್ ಪ್ರೆಶರ್ ನೋಡಿಕೊಳ್ಳೋ ಲೀನಿಯರ್ ಸೊಲೆನಾಯ್ಡ್. ಮೂರೂ ಬೇರೆ ಬೇರೆ ಪಾರ್ಟು, ಬೇರೆ ಬೇರೆ ಜಾಗದಲ್ಲಿರೋದು. ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಗ್ಯಾರೇಜಿನವರಿಗೆ ಹಬ್ಬ.

"ಮೂರೂ ಒಂದೇ ದಿನ ಸಾಯ್ತಾವಾ ಸಾರ್? ಮೂರಕ್ಕೂ ಕಾಮನ್ ಏನಿದೆ ಅದು ನೋಡೋಣ" ಅಂದರು. ಕಾಮನ್ ಆಗಿ ಇರೋದು ಎರಡೇ. ಕರೆಂಟ್ ಬರೋ ದಾರಿ, ಮತ್ತೆ ವಾಪಸ್ ಹೋಗೋ ದಾರಿ.

ಮೊದಲು ಬರೋ ದಾರಿ. ಗಾಡಿ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್ ತೋರಿಸಿತು, ಪರವಾಗಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಹತ್ತಿರ ಇರುತ್ತೆ, 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿ ಮೇಲೆ 14.0. ಹೆಡ್ ಲೈಟ್, ಎಸಿ, ವೈಪರ್, ಡಿಫಾಗರ್ ಎಲ್ಲ ಹಾಕಿದಾಗ 13.1ಕ್ಕೆ ಇಳಿಯಿತು. ಹುಡುಗ ಒಬ್ಬ ಪಕ್ಕದಲ್ಲಿ ನಿಂತಿದ್ದ, "ಆಲ್ಟರ್ನೇಟರ್ ವೀಕು" ಅಂದ. ನಾನೂ ತಲೆ ಆಡಿಸಿದೆ. ಭಾಯ್ ಮಾತಾಡದೆ ಮೀಟರಿನ ಕೆಂಪು ವೈರನ್ನ ಆಲ್ಟರ್ನೇಟರಿನ ಹಿಂದಿನ ದಪ್ಪ ನಟ್ಟಿಗೆ, ಕಪ್ಪು ವೈರನ್ನ ಆಲ್ಟರ್ನೇಟರಿನ ಬಾಡಿಗೇ ಒತ್ತಿ ಹಿಡಿದರು. 13.9. ಅಂದರೆ ಆಲ್ಟರ್ನೇಟರ್ ಸರಿಯಾಗೇ ಕೊಡುತ್ತಿದೆ. ಕೊಟ್ಟ 13.9ರಲ್ಲಿ 0.8 ವೋಲ್ಟ್ ದಾರಿಯಲ್ಲಿ ಎಲ್ಲೋ ಮಾಯ. ಇಷ್ಟು ನೋಡದೆ ಎಷ್ಟು ಜನ ಹೊಸ ಆಲ್ಟರ್ನೇಟರ್ ಹಾಕಿಸಿಕೊಂಡಿರಬಹುದೋ ಏನೋ.

ಇನ್ನು ವಾಪಸ್ ದಾರಿ. ಇದು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದಾದ ಪರೀಕ್ಷೆ. ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು, ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿಯಬೇಕು. ಕ್ಲಾಂಪಿಗಲ್ಲ, ಕಂಬಕ್ಕೇ. ಇನ್ನೊಂದು ತುದಿ ಗೇರ್ ಬಾಕ್ಸಿನ ಬರಿ ಅಲ್ಯೂಮಿನಿಯಂ ಮೈಗೆ. ಎರಡೂ ನೆಗೆಟಿವ್ವೇ, ಹಾಗಾಗಿ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ಎಲ್ಲ ಲೋಡ್ ಹಾಕಿದಾಗಲೂ 0.1, ಹೆಚ್ಚೆಂದರೆ 0.2 ಒಳಗಿರಬೇಕು. ಓಮ್ಸ್‌ನಲ್ಲಿ ಅಳೆದರೆ ಏನೂ ಗೊತ್ತಾಗಲ್ಲ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ಸ್ ಮೀಟರಿಗೆ ಅದು ಚೆನ್ನಾಗಿರೋ ವೈರೇ. ಕರೆಂಟ್ ಹರಿಯುವಾಗಲೇ ನೋಡಬೇಕು. ಫ್ಯಾನ್, ಬೆಲ್ಟ್ ಹತ್ತಿರ ಕೈ, ವೈರ್, ಶರ್ಟಿನ ತೋಳು ಹೋಗದ ಹಾಗೆ ನೋಡಿಕೊಳ್ಳಿ, ಗೇರ್ 'ಪಿ'ಯಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ.

ನಮ್ಮದರಲ್ಲಿ ಲೋಡ್ ಇಲ್ಲದಾಗ 0.18. ಎಲ್ಲ ಹಾಕಿದಾಗ 0.7. ಸೆಲ್ಫ್ ಹೊಡೆಯುವಾಗ 1.6. ಬ್ಯಾಟರಿ ನೆಗೆಟಿವ್‌ನಿಂದ ಗಾಡಿಯ ಬಾಡಿಗೆ ಹಿಡಿದರೆ ಮಾತ್ರ 0.05. ಅಂದರೆ ಬ್ಯಾಟರಿಯಿಂದ ಬಾಡಿಗೆ ಹೋಗೋ ವೈರ್ ಚೆನ್ನಾಗಿದೆ, ಬಾಡಿಯಿಂದ ಗೇರ್ ಬಾಕ್ಸಿಗೆ ಹೋಗೋ ಅರ್ತಿಂಗ್ ಕೆಟ್ಟಿದೆ. ಇಂಜಿನ್, ಗೇರ್ ಬಾಕ್ಸ್, ಆಲ್ಟರ್ನೇಟರ್, ಸೆಲ್ಫ್ ಎಲ್ಲ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ಬಾಡಿಗೂ ಅವಕ್ಕೂ ಇರೋ ಗಟ್ಟಿ ಸಂಬಂಧ ಅಂದರೆ ಆ ಒಂದು ದಪ್ಪ ವೈರು. ಹೆಡ್ ಲೈಟಿನದು, ವೈಪರಿನದು, ಫ್ಯಾನಿನದು, ಎಲ್ಲದರ ಕರೆಂಟೂ ಆಲ್ಟರ್ನೇಟರಿಗೆ ವಾಪಸ್ ಹೋಗಬೇಕಾದರೆ ಅದರ ಮೂಲಕವೇ ಹೋಗಬೇಕು. ನನ್ನ ಗಾಡಿಯ ಶಿಫ್ಟ್ ಸೊಲೆನಾಯ್ಡುಗಳಿಗೆ ಬರೋದು ಒಂದೊಂದೇ ವೈರ್, ನೆಗೆಟಿವ್ ಅನ್ನೋದು ಗೇರ್ ಬಾಕ್ಸಿನ ಮೈಯಿಂದಲೇ. ಸೆನ್ಸರುಗಳ ಅರ್ತೂ ಇಂಜಿನ್ ಮೇಲಿನ ಒಂದು ಬೋಲ್ಟಿಗೇ ಬಂದು ಸೇರುತ್ತದೆ. 7, 9, 16 ಮೂರಕ್ಕೂ ಕಾಮನ್ ಇದ್ದದ್ದು ಇದೇ.

0.7 ವೋಲ್ಟಿಗೆಲ್ಲ ಕಂಟ್ರೋಲ್ ಯೂನಿಟ್ ಗಾಬರಿ ಆಗುತ್ತಾ ಅಂತ ನನಗೆ ಅನುಮಾನ ಇತ್ತು. ಅದನ್ನೂ ತೋರಿಸಿದರು. ಗಾಡಿ ಓಡುತ್ತಿದ್ದ ಹಾಗೇ, ಹೆಡ್ ಲೈಟ್ ಎದುರಿನ ಗೋಡೆ ಮೇಲೆ ಬೀಳುತ್ತಿತ್ತು. ಭಾಯ್ ಮರದ ಹಿಡಿಯ ಸ್ಕ್ರೂ ಡ್ರೈವರಿನಿಂದ ಆ ಅರ್ತಿಂಗ್ ವೈರನ್ನ ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ಗೋಡೆ ಮೇಲಿನ ಬೆಳಕು ಸಟ್ಟನೆ ಮಂಕಾಯ್ತು. ಮೀಟರ್ ಮೂರು ವೋಲ್ಟಿನ ಮೇಲೆ ಹಾರಿತು. ಬಿಟ್ಟರೆ ಬೆಳಕು ವಾಪಸ್. ಇನ್ನೊಂದು ಸಲ ತಳ್ಳಿದರು. ನಾನು ಒಳಗೆ ಕೂತಿದ್ದೆ, 'ಡಿ' ಮಿಣುಕೋಕೆ ಶುರುವಾಯ್ತು. ಸಿಗ್ನಲ್ಲಿನಲ್ಲಿ ಗಾಡಿ ಹೊರಡುವಾಗ ಇಂಜಿನ್ ಮೌಂಟಿಂಗ್ ಮೇಲೆ ಸ್ವಲ್ಪ ಹೊರಳುತ್ತದಲ್ಲ, ಆಗ ಆ ವೈರನ್ನ ಎಳೆಯೋದೂ ಹೀಗೇ.

ವೈರ್ ಬಿಚ್ಚಿದಾಗ ನೋಡಬೇಕಿತ್ತು. ಮೇಲಿನಿಂದ ಕಪ್ಪು ಸ್ಲೀವ್ ಹೊಚ್ಚ ಹೊಸದರ ಹಾಗೆ ಇದೆ. ಅದು ಇರೋದು ಬ್ಯಾಟರಿ ಟ್ರೇ ಕೆಳಗೆ, ವರ್ಷಗಟ್ಟಲೆ ಆಸಿಡ್ ಹಬೆ, ನೀರು ಎಲ್ಲ ಅಲ್ಲಿಗೇ ಇಳಿದಿದೆ. ಬ್ಲೇಡಿನಿಂದ ಸ್ಲೀವ್ ಸೀಳಿದರೆ ಒಳಗೆ ತಾಮ್ರದ ಎಳೆಗಳು ಕಪ್ಪುಹಸಿರು ಪುಡಿ. ವೈರಿನ ತುದಿಗೆ ಬೋಲ್ಟ್ ಹಾಕೋ ಲೋಹದ ಬಿಲ್ಲೆ, ಅಂದರೆ ಲಗ್ ಹತ್ತಿರ ಬೆರಳಿಂದ ಮುಟ್ಟಿದರೆ ಉದುರುತ್ತಿತ್ತು. ಗಟ್ಟಿ ಎಳೆ ಎಣಿಸಿದರೆ ಒಂದು ಕೈಯ ಬೆರಳುಗಳೇ ಸಾಕು. ಇನ್ನೊಂದು ತುದಿ, ಬಾಡಿಗೆ ಬೋಲ್ಟ್ ಹಾಕಿದ್ದು, ಅದರ ಕಥೆ ಬೇರೆ. ಹಾಸನದಲ್ಲಿ ಮಾವ ಯಾವಾಗಲೋ ಟಿಂಕರಿಂಗ್ ಪೇಂಟಿಂಗ್ ಮಾಡಿಸಿದ್ದರಂತೆ. ಪೇಂಟರ್ ಲಗ್ ಬಿಚ್ಚಿ, ಆ ಜಾಗಕ್ಕೂ ಚೆಂದವಾಗಿ ಸಿಲ್ವರ್ ಬಣ್ಣ ಹೊಡೆದು, ಬಣ್ಣದ ಮೇಲೇ ಲಗ್ ಕೂರಿಸಿದ್ದಾನೆ. ಬಣ್ಣದಲ್ಲಿ ಕರೆಂಟ್ ಎಲ್ಲಿ ಹರಿಯುತ್ತೆ, ಬೋಲ್ಟಿನ ಮರೆಯಲ್ಲಿ ಅಷ್ಟೋ ಇಷ್ಟೋ ಹೋಗುತ್ತಿತ್ತು ಅಷ್ಟೇ.

ಇನ್ನೊಂದು ವಿಷಯ ಆಗ ಗೊತ್ತಾಯ್ತು. ಕೆಲವು ತಿಂಗಳಿನಿಂದ ಆಕ್ಸಿಲರೇಟರ್ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸುತ್ತಿತ್ತು. ನನ್ನ ಗಾಡಿಯ ಕಾಲದ ಗಾಡಿಗಳಲ್ಲಿ ಪೆಡಲ್‌ನಿಂದ ಇಂಜಿನ್ನಿಗೆ ಸ್ಟೀಲ್ ಕೇಬಲ್ ಇರುತ್ತೆ. ಅರ್ತಿಂಗ್ ವೈರ್ ಕೈಕೊಟ್ಟರೆ ಕರೆಂಟ್ ಸುಮ್ನಿರಲ್ಲ, ಇಂಜಿನ್ನಿಗೂ ಬಾಡಿಗೂ ಬೇರೆ ಎಲ್ಲಿ ಲೋಹ ತಾಗಿದೆಯೋ ಅಲ್ಲಿ ನುಗ್ಗುತ್ತದೆ. ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ ಅದಕ್ಕೆ ಸುಲಭದ ದಾರಿ. ಸೆಲ್ಫ್ ಹೊಡೆಯುವಾಗ ಆ ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಪೈಪ್ ಕರಗಿ ಹಿಡಿದುಕೊಳ್ಳುತ್ತದೆ. ನನ್ನದು ಹಾಗೇ ಆಗಿತ್ತು. ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು ಪದೇ ಪದೇ ಗಟ್ಟಿಯಾಗೋ ಹಳೇ ಗಾಡಿ ಯಾರ ಹತ್ತಿರ ಇದ್ದರೂ ಹೊಸ ಕೇಬಲ್ ತರೋ ಮುಂಚೆ ಅರ್ತಿಂಗ್ ನೋಡಿ.

ಹೊಸ ವೈರ್ ಜೆ.ಸಿ. ರಸ್ತೆಯಲ್ಲಿ ಮಾಡಿಸಿದೆ. 25 ಚದರ ಮಿಲಿಮೀಟರ್ ತಾಮ್ರದ ವೈರ್, ಎರಡು ಕಡೆ ಒತ್ತಿ ಕೂರಿಸಿದ ಲಗ್, ಬಿಸಿ ಮಾಡಿ ಹಾಕೋ ಸ್ಲೀವ್. ಐನೂರು ರೂಪಾಯಿ ಒಳಗೇ ಆಯ್ತು. ಬಾಡಿ ಮೇಲಿನ ಬಣ್ಣ ಎಮರಿ ಪೇಪರಿನಿಂದ ಉಜ್ಜಿ, ತಗಡು ಹೊಳೆಯೋವರೆಗೂ ಕೆರೆದು, ಬೋಲ್ಟ್ ಬಿಗಿ ಮಾಡಿ, ಅದಾದ ಮೇಲೆ ಮೇಲಿನಿಂದ ವ್ಯಾಸಲಿನ್ ಬಳಿದರು. ಮೊದಲು ಬಳಿದು ಆಮೇಲೆ ಬಿಗಿ ಮಾಡೋದಲ್ಲ. ಭಾಯ್ ಒಂದು ಎಕ್ಸ್‌ಟ್ರಾ ವೈರನ್ನ ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಗೇರ್ ಬಾಕ್ಸಿನ ಬೋಲ್ಟಿಗೂ ಕೊಟ್ಟರು. ಆಮೇಲೆ ಅಳೆದರೆ ಎಲ್ಲ ಲೋಡಿನಲ್ಲಿ 0.03. ಸೆಲ್ಫ್ ಹೊಡೆಯೋ ಸದ್ದೇ ಬದಲಾಗಿತ್ತು. ಮೊದಲು ಸೋಂಬೇರಿ ಥರ ಎಳೆಯುತ್ತಿದ್ದದ್ದು ಟಕ್ ಅಂತ ಸ್ಟಾರ್ಟ್. ಹಳೇ ಕೋಡ್ ಅಳಿಸೋಕೆ ಮೆಮೊರಿಗೆ ಹೋಗೋ ಫ್ಯೂಸ್ ಸ್ವಲ್ಪ ಹೊತ್ತು ತೆಗೆದಿಟ್ಟರು. ಕಂಪನಿ ರೇಡಿಯೋ ಇದ್ದರೆ ಹಾಗೆ ಮಾಡೋ ಮುಂಚೆ ಅದರ ಕೋಡ್ ನಿಮ್ಮ ಹತ್ತಿರ ಇದೆಯಾ ನೋಡಿಕೊಳ್ಳಿ. ನನ್ನ ಸ್ಟೀರಿಯೋ ಈಗಲೂ ಕೋಡ್ ಕೇಳುತ್ತಾ ಕೂತಿದೆ, ಮಾವ ಆ ಕಾರ್ಡ್ ಎಲ್ಲಿಟ್ಟರೋ ಅವರಿಗೇ ನೆನಪಿಲ್ಲ.

ಕೆಲವು ವಾರ ಆರಾಮಾಗಿ ಓಡಿತು. ಶಿರಾಡಿ ಘಾಟಿಯಲ್ಲಿ ಇಳಿದು ಹತ್ತಿದೆ, ಜೋರು ಮಳೆಯಲ್ಲಿ, ಎಲ್ಲ ಲೈಟ್ ಹಾಕಿಕೊಂಡು, ಏನೂ ತಕರಾರಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಲೋಡೇನೂ ಇಲ್ಲ, ಬೀದಿ ತಿರುವು ದಾಟುವ ಮುಂಚೆಯೇ 'ಡಿ' ಮತ್ತೆ ಮಿಣುಕಿತು. ಮನೆಯವಳು ಪಕ್ಕದಲ್ಲಿದ್ದಳು, ಏನೂ ಮಾತಾಡಲಿಲ್ಲ, ಮಾತಾಡದೇ ಇದ್ದದ್ದೇ ಜಾಸ್ತಿ ಕಷ್ಟ.

ಈ ಸಲ ವೈರ್ ತುಂಡು ಸಿಕ್ಕಿಸಿ ನಾನೇ ಎಣಿಸಿದೆ. ಬರೀ 9. ಏಳೂ ಇಲ್ಲ, ಹದಿನಾರೂ ಇಲ್ಲ. ಒಂದೇ ಕೋಡ್ ಒಂಟಿಯಾಗಿ ಬಂದರೆ ಆಗ ಆ ಪಾರ್ಟನ್ನೋ ಅದರ ವೈರನ್ನೋ ಅನುಮಾನಿಸಬಹುದು. ಸ್ಪೀಡ್ ಸೆನ್ಸರ್ ಬೇಡ ಅಂದರೂ ಮೂರು ಸಾವಿರ ರೂಪಾಯಿ, ಅದೂ ಸಿಕ್ಕಿದರೆ. ಹಾಗಾಗಿ ಮೊದಲು ವೈರ್. ಬೋನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬ ತೆಗೆದರೆ ಕೆಳಗೆ ಒಂದು ಅಚ್ಚುಕಟ್ಟಾದ ಸಂಸಾರ. ಕಡಲೆಕಾಯಿ ಸಿಪ್ಪೆ, ಪ್ಲಾಸ್ಟಿಕ್ ಚೂರು, ಯಾರದೋ ಮನೆಯ ಕಾಲೊರೆಸೋ ಮ್ಯಾಟಿನ ದಾರ. ಸೆನ್ಸರಿಗೆ ಹೋಗೋ ಎರಡು ವೈರಿನಲ್ಲಿ ಒಂದರ ಮೇಲೆ ಪುಟ್ಟ ಪುಟ್ಟ ಹಲ್ಲಿನ ಗುರುತು, ಸ್ಲೀವ್ ಹೋಗಿ ತಾಮ್ರ ಬಯಲಾಗಿ, ರಾತ್ರಿ ಇಬ್ಬನಿಗೆ ಹಸಿರು ಹಿಡಿದಿದೆ. ಎಳೆದರೆ ಕಿತ್ತು ಬಂತು.

ಈ ಸೆನ್ಸರ್ ಎರಡು ವೈರಿನದು, ಒಳಗೆ ಒಂದು ಕಾಯಿಲ್, ಒಂದು ಮ್ಯಾಗ್ನೆಟ್. ಗಿಯರಿನ ಹಲ್ಲು ಎದುರಿಗೆ ತಿರುಗಿದರೆ ತಾನೇ ಸಣ್ಣ ಎಸಿ ವೋಲ್ಟ್ ಹುಟ್ಟಿಸುತ್ತದೆ. ನಿಧಾನವಾಗಿ ತಿರುಗಿದಾಗ ಆ ವೋಲ್ಟ್ ತೀರಾ ಕಡಿಮೆ. ಹಾಗಾಗಿ ವೈರಿಗೆ ಪೆಟ್ಟಾಗಿದ್ದರೆ ಗಾಡಿ ಹೊರಡೋ ಹೊತ್ತಿಗೇ ಸಿಗ್ನಲ್ ಕಾಣೆಯಾಗೋದು ಜಾಸ್ತಿ. ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನಿಗೆ ಓಮ್ಸ್ ಹಿಡಿದೆ, ಮ್ಯಾನ್ಯುಯಲ್ ಹೇಳಿದ ಅಳತೆಯೊಳಗೇ ಇತ್ತು, ಅಂದರೆ ಕಾಯಿಲ್ ಕಡಿದಿಲ್ಲ. ಸೆನ್ಸರ್ ಉಳಿಯಿತು. ವೈರನ್ನ ಭಾಯ್ ಹತ್ತಿರವೇ ಸೋಲ್ಡರ್ ಮಾಡಿಸಿದೆ. ತಿರುಚಿ ಕಪ್ಪು ಟೇಪ್ ಸುತ್ತೋ ಕೆಲಸ ಇಂಥ ಸಿಗ್ನಲ್ ವೈರಿಗೆ ಆಗಲ್ಲ. ಇಂಜಿನ್ ಶಾಖಕ್ಕೆ ಟೇಪಿನ ಅಂಟು ಕರಗಿ ಬಿಟ್ಟುಕೊಳ್ಳುತ್ತೆ, ಆರು ತಿಂಗಳಿಗೆ ಮತ್ತೆ ಅದೇ ಹಾಡು. ಇಲಿಗೆ ಏನು ಮಾಡಿದೆ ಅಂತ ಕೇಳಬೇಡಿ. ಹೊಗೆಸೊಪ್ಪು ಕಟ್ಟಿದೆ, ಫಿನಾಯಿಲ್ ಗುಳಿಗೆ ಇಟ್ಟೆ, ಸ್ಪ್ರೇ ಹೊಡೆದೆ. ಸ್ವಲ್ಪ ಕೆಲಸಕ್ಕೆ ಬಂದದ್ದು ಅಂದರೆ ಗಾಡಿಯನ್ನ ದಿನಾ ಓಡಿಸೋದು.

ಇದರ ಮಧ್ಯೆ ಇನ್ನೊಂದು ದಿನ ಪಾರ್ಕಿಂಗಿನಲ್ಲಿ ಗೇರ್ ಲಿವರ್ 'ಪಿ' ಬಿಟ್ಟು ಬರಲೇ ಇಲ್ಲ. ಬ್ರೇಕ್ ತುಳಿದು ಎಳೆದರೂ ಅಲ್ಲಾಡಲ್ಲ. ಮತ್ತೆ ಗೇರ್ ಬಾಕ್ಸ್ ಅಂತ ಎದೆ ಧಸಕ್ ಅಂದಿತು. ವಾಚ್‌ಮ್ಯಾನ್‌ನ ಕರೆಯೋಣ ಅಂತ ಹಾರ್ನ್ ಒತ್ತಿದೆ, ಅದೂ ಇಲ್ಲ. ಅದೇ ಸುಳಿವು. ನನ್ನ ಗಾಡಿಯಲ್ಲಿ ಹಾರ್ನಿಗೂ ಬ್ರೇಕ್ ಲೈಟಿಗೂ ಒಂದೇ ಫ್ಯೂಸ್. ಬ್ರೇಕ್ ತುಳಿದಿದ್ದಾರೆ ಅನ್ನೋ ಸುದ್ದಿ ಆ ಲೈನಿನಿಂದಲೇ ಹೋಗಬೇಕು, ಹೋದರೆ ಮಾತ್ರ ಲಿವರಿನ ಲಾಕ್ ಬಿಡೋದು. ಫ್ಯೂಸ್ ಹೋಗಿತ್ತು. ಹೊಸದು ಸಿಗೋವರೆಗೂ ಗಾಡಿ ತೆಗೆಯಲೇಬೇಕು ಅಂದರೆ ಲಿವರ್ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತೆ. ಹ್ಯಾಂಡ್ ಬ್ರೇಕ್ ಎಳೆದು, ಮುಚ್ಚಳ ತೆಗೆದು, ಆ ಸಂದಿಗೆ ಕೀ ಒತ್ತಿದರೆ ಲಿವರ್ ಬರುತ್ತದೆ. ಆದರೆ ಆಗ ಹಿಂದೆ ಬ್ರೇಕ್ ಲೈಟೂ ಇರಲ್ಲ ಅನ್ನೋದು ನೆನಪಿರಲಿ, ರಸ್ತೆಗಿಳಿಯೋದು ಅಪಾಯ. ಫ್ಯೂಸ್ ಯಾಕೆ ಹೋಯ್ತು ಅಂತ ಹುಡುಕಿದರೆ ಡಿಕ್ಕಿಯೊಳಗೆ ಬಲ್ಬ್ ಹೋಲ್ಡರಿನಲ್ಲಿ ವೈರ್ ತಗಡಿಗೆ ತಾಗುತ್ತಿತ್ತು. ಹತ್ತು ನಿಮಿಷದ ಕೆಲಸ.

ಎಲ್ಲ ಮಿಣುಕೂ ವೈರಿಂಗೇ ಅಂತ ನಾನು ಹೇಳುತ್ತಿಲ್ಲ. ಸೊಲೆನಾಯ್ಡ್ ನಿಜವಾಗಲೂ ಸಾಯುತ್ತದೆ. ಅರ್ತಿಂಗ್ ಸರಿಮಾಡಿದ ಮೇಲೂ ಅದೇ ಒಂದು ಸೊಲೆನಾಯ್ಡ್ ಕೋಡ್ ಮತ್ತೆ ಮತ್ತೆ ಬಂದರೆ ಅದರ ಓಮ್ಸ್ ಅಳೆಯಿರಿ. ನನ್ನ ಗಾಡಿಯಲ್ಲಿ ಶಿಫ್ಟ್ ಸೊಲೆನಾಯ್ಡ್ 12ರಿಂದ 25 ಓಮ್ಸ್ ಒಳಗಿರಬೇಕು ಅಂತ ಲೆಕ್ಕ, ನಿಮ್ಮದಕ್ಕೆ ಮ್ಯಾನ್ಯುಯಲ್ ನೋಡಿ. ದೀಪವೇ ಇಲ್ಲದೆ, ಕೋಡೂ ಇಲ್ಲದೆ, ಆರ್‌ಪಿಎಂ ಮೇಲೆ ಹೋಗಿ ಗಾಡಿ ಮಾತ್ರ ಮುಂದೆ ಹೋಗದೆ ಜಾರುತ್ತಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಆಗ ಗೇರ್ ಬಾಕ್ಸ್ ಇಳಿಸೋದು ಬಿಟ್ಟು ಬೇರೆ ದಾರಿ ಇಲ್ಲ. ಅಲ್ಲಿ ಮಲ್ಟಿಮೀಟರ್ ಹಿಡಿದು ಏನೂ ಸಿಗಲ್ಲ.

ನನ್ನದಕ್ಕೆ ಈಗ ಬಾಕಿ ಇರೋದು ಆಕ್ಸಿಲರೇಟರ್ ಕೇಬಲ್ ಮತ್ತು ಗೇರ್ ಬಾಕ್ಸ್ ಆಯಿಲ್ ಬದಲಾಯಿಸೋದು. ಮಷಿನ್ ಹಾಕಿ ಫ್ಲಶ್ ಮಾಡಿಸಲ್ಲ, ಡ್ರೈನ್ ಬೋಲ್ಟ್ ಬಿಚ್ಚಿ ಬಂದಷ್ಟು ಇಳಿಸಿ ಅಷ್ಟೇ ಹಾಕಿಸುತ್ತೇನೆ. ಕೇಬಲ್ ಮಾತ್ರ ಎಲ್ಲೂ ಸಿಗುತ್ತಿಲ್ಲ. ಜೆ.ಸಿ. ರಸ್ತೆಯಲ್ಲಿ ಒಬ್ಬರು ಹಳೇ ಗಾಡಿಯದು ಬಿಚ್ಚಿಸಿಕೊಡುತ್ತೇನೆ, ಮುಂದಿನ ವಾರ ಬನ್ನಿ ಅಂದಿದ್ದಾರೆ. ಅವರ ಮುಂದಿನ ವಾರ ಯಾವಾಗ ಬರುತ್ತೋ ನೋಡಬೇಕು.